ಹೀಟರ್ ಹಚ್ಚುವ ದಿನ: ಪಂಚಾಂಗ, ಪೇಪರ್, ಥರ್ಮಾಮೀಟರ್

ಅವ್ವ ಧಾರವಾಡ ಬಿಟ್ಟು ಪುಣೆಗೆ ನಮ್ಮ ಜೊತೆ ಇರಲು ಬಂದ ಮೊದಲ ಡಿಸೆಂಬರ್ ಅದು. ಬೆಳಗ್ಗೆ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಳು. ಒಂದು ಎಸಳಿನ ಸಿಪ್ಪೆ ಹಿಡಿಯಲು ಮೂರು ಸಲ ಬೆರಳು ಜಾರಿತು. ಉಗುರಿನ ಬುಡ ನೀಲಿಗೆ ತಿರುಗಿತ್ತು. "ಥಂಡಿ ಆಗ್ಲಿಕ್ಕತ್ತೈತೇನವ್ವಾ?" ಅಂದೆ. "ಏನಿಲ್ಲ ತಗೋ, ವಯಸ್ಸಾತಲ್ಲ" ಅಂದಳು. ಕೈ ಹಿಡಿದು ನೋಡಿದರೆ ನಲ್ಲಿ ನೀರಿನಷ್ಟು ತಣ್ಣಗಿತ್ತು. ಅವತ್ತು ಸಂಜೆಯೇ ಹೀಟರ್ ತಂದೆವು.

ತಂದದ್ದೇನೋ ಆಯಿತು. ಅದನ್ನು ಯಾವತ್ತಿನಿಂದ ಹಚ್ಚಬೇಕು, ದಿನದ ಯಾವ ಹೊತ್ತಿನಲ್ಲಿ ಹಚ್ಚಬೇಕು, ಯಾವತ್ತು ಎತ್ತಿಡಬೇಕು ಅನ್ನುವುದು ಮಾತ್ರ ಮೂರು ಚಳಿಗಾಲ ನಡೆದ ಚರ್ಚೆ. ಅವ್ವನದು ಪಂಚಾಂಗದ ಲೆಕ್ಕ. ನಮ್ಮ ಮನೆಯವರದು ಪೇಪರಿನಲ್ಲಿ ಬರುವ ಕನಿಷ್ಠ ತಾಪಮಾನದ ಲೆಕ್ಕ. ಕೊನೆಗೆ ನಾನು ಹಿಡಿದದ್ದು ಕೋಣೆಯಲ್ಲೇ ಇಟ್ಟ ಥರ್ಮಾಮೀಟರ್. ಒಂದೊಂದು ವರ್ಷ ಒಂದೊಂದನ್ನು ಪಾಲಿಸಿ ನೋಡಿದ್ದೇವೆ.

ಪುಣೆಗೂ ಹೀಟರ್ ಬೇಕೇ ಅಂತ ಬೆಂಗಳೂರಿನ ನೆಂಟರು ಕೇಳುತ್ತಾರೆ. ಇಲ್ಲಿಯವರು ಪ್ರೀತಿಯಿಂದ 'ಗುಲಾಬಿ ಥಂಡಿ' ಅನ್ನುವ ಚಳಿ ಇದು. ನಲವತ್ತು ವರ್ಷದವರಿಗೆ ಸ್ವೆಟರ್ ಸಾಕು. ಆದರೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದ ಊರು, ಒಣ ಹವೆ, ತಿಳಿ ಆಕಾಶ. ಡಿಸೆಂಬರ್, ಜನವರಿಯಲ್ಲಿ ಮಧ್ಯಾಹ್ನ 28, 29 ಡಿಗ್ರಿ ಇದ್ದದ್ದು ಬೆಳಗಿನ ಜಾವಕ್ಕೆ 10, 11ಕ್ಕೆ ಬೀಳುತ್ತದೆ. ನಮ್ಮದು ಇಲ್ಲಿಯ ಪಾಷಾಣ ಬಡಾವಣೆಯಲ್ಲಿ ಮೇಲಿನ ಕೊನೆಯ ಮಹಡಿಯ ಫ್ಲ್ಯಾಟು. ಅವ್ವನ ಕೋಣೆ ಉತ್ತರಕ್ಕಿದೆ, ಹತ್ತಕ್ಕೆ ಹನ್ನೊಂದಡಿ. ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಆ ಗೋಡೆಗೆ ಬಿಸಿಲೇ ತಾಗುವುದಿಲ್ಲ. ರಾತ್ರಿ ಒಂಬತ್ತಕ್ಕೆ ಹಾಲಿನ ಪಶ್ಚಿಮದ ಗೋಡೆಗೆ ಅಂಗೈ ಇಟ್ಟರೆ ಇನ್ನೂ ಬೆಚ್ಚಗಿರುತ್ತದೆ, ಅವ್ವನ ತಲೆದಿಂಬಿನ ಹಿಂದಿನ ಗೋಡೆ ತಣ್ಣಗೆ ಕೊರೆಯುತ್ತದೆ. ಒಂದೇ ಮನೆ, ನಡುವೆ ಹದಿನೈದು ಹೆಜ್ಜೆ.

ಅವ್ವನ ಲೆಕ್ಕ ಸರಳ. ಕಾರ್ತಿಕದ ಕೊನೆಗೆ ಬರುವ ಛಟ್ಟಿ ಅಮಾವಾಸ್ಯೆಗೆ ಕೌದಿ ಹೊರಗೆ, ಶಿವರಾತ್ರಿಗೆ ಒಳಗೆ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದೆ ಅನ್ನುವುದನ್ನು ಕೇಳದ ಕನ್ನಡಿಗರಿಲ್ಲ. ಮೊದಲ ವರ್ಷ ಹೀಟರ್ ತಂದಾಗ ಆ ಅಮಾವಾಸ್ಯೆ ಆಗಲೇ ಆಗಿತ್ತು, ಹಾಗಾಗಿ ಮರುಮಾತಿಲ್ಲದೆ ದಿನಾ ರಾತ್ರಿ ಹಚ್ಚಿದೆವು. ತೊಡಕಾದದ್ದು ಕೊನೆಯ ತುದಿಯಲ್ಲಿ. 2024ರಲ್ಲಿ ಶಿವರಾತ್ರಿ ಬಂದದ್ದು ಮಾರ್ಚ್ 8ಕ್ಕೆ. 2025ರಲ್ಲಿ ಫೆಬ್ರವರಿ 26, 2026ರಲ್ಲಿ ಫೆಬ್ರವರಿ 15. ಚಾಂದ್ರಮಾನದ ಹಬ್ಬ ಮೂರು ವಾರ ಹಿಂದೆ ಮುಂದೆ ಸರಿಯುತ್ತದೆ, ಚಳಿ ಅದರ ಜೊತೆ ಸರಿಯುವುದಿಲ್ಲ. ಆ ಮೊದಲ ವರ್ಷ, 2024ರಲ್ಲಿ, ಫೆಬ್ರವರಿ ಮುಗಿಯುವಷ್ಟರಲ್ಲಿ ಹಾಲಿನಲ್ಲಿ ಫ್ಯಾನ್ ತಿರುಗುತ್ತಿತ್ತು, ಅವ್ವನ ಕೋಣೆಯಲ್ಲಿ ಹೀಟರ್ ಇನ್ನೂ ನಿಂತೇ ಇತ್ತು. ಹಬ್ಬದ ಲೆಕ್ಕಕ್ಕೆ ಒಂದು ಒಳ್ಳೆಯ ಗುಣವಿದೆ, ಅದನ್ನು ಈಗಲೂ ಬಿಟ್ಟಿಲ್ಲ: ಸಿದ್ಧತೆಯ ನೆನಪು. ಛಟ್ಟಿ ಅಮಾವಾಸ್ಯೆಯ ವಾರ ಕೌದಿಗಳನ್ನು ಟೆರೇಸಿನಲ್ಲಿ ಬಿಸಿಲಿಗೆ ಹಾಕುತ್ತೇವೆ, ಹೀಟರ್ ಅಟ್ಟದಿಂದ ಇಳಿಸಿ ಧೂಳು ಒರೆಸುತ್ತೇವೆ. ಹಚ್ಚುವುದು ಮಾತ್ರ ಬೇರೆ ವಿಷಯ.

ಎರಡನೆಯ ವರ್ಷ ಪೇಪರು. ಹನ್ನೆರಡು ಡಿಗ್ರಿಗಿಂತ ಕೆಳಗೆ ಇಳಿದರೆ ಹಚ್ಚುವುದು, ಮೇಲಿದ್ದರೆ ಬೇಡ ಅಂತ ನಮ್ಮ ಮನೆಯವರು ನಿಯಮ ಮಾಡಿದರು. ಅವರಿಗೆ ಈ ಅಂಕಿಗಳ ಮೇಲೆ ಬಹಳ ಅಕ್ಕರೆ. ಪುಣೆಯ ಅತಿ ಕಡಿಮೆ ತಾಪಮಾನ 1.7 ಡಿಗ್ರಿ, 1935ರ ಜನವರಿ 17ರದು, ಅಂತ ಬಾಯಿಪಾಠ ಹೇಳುತ್ತಾರೆ. ಪೇಪರಿನಲ್ಲಿ ಪುಣೆ ಅಂತ ಬರುವುದು ಶಿವಾಜಿನಗರದ ಹವಾಮಾನ ಇಲಾಖೆಯ ಅಂಕಿ. ಇಲಾಖೆಯ ಕಚೇರಿ 1928ರಲ್ಲಿ ಸಿಮ್ಲಾದಿಂದ ಇಲ್ಲಿಗೆ ಬಂದದ್ದರಿಂದ ಆ ಕಲ್ಲಿನ ಕಟ್ಟಡಕ್ಕೆ ಇವತ್ತಿಗೂ ಸಿಮ್ಲಾ ಆಫೀಸ್ ಅನ್ನುತ್ತಾರೆ. ಪಾಷಾಣದಲ್ಲಿ ಚಳಿ ಅದಕ್ಕಿಂತ ಒಂದೆರಡು ಡಿಗ್ರಿ ಹೆಚ್ಚೇ ಇರುತ್ತದೆ. ಇದು ನನಗೆ ಗೊತ್ತಿತ್ತು. ಗೊತ್ತಿಲ್ಲದ್ದು ಬೇರೆಯೇ ಇತ್ತು.

ಅದೇ ವರ್ಷ ಪುಟ್ಟ ಡಿಜಿಟಲ್ ಥರ್ಮಾಮೀಟರ್ ಒಂದನ್ನು ತಂದು ಅವ್ವನ ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟೆ. ತೇವಾಂಶವನ್ನೂ ತೋರಿಸುವಂಥದ್ದು. ಕ್ಯಾಲೆಂಡರಿನ ಒಂದೊಂದು ಚೌಕದಲ್ಲಿ ಎರಡೆರಡು ಅಂಕಿ ಬರೆಯುತ್ತ ಹೋದೆ: ಮೇಲೆ ಪೇಪರಿನದು, ಕೆಳಗೆ ಬೆಳಗಿನ ಐದು ಗಂಟೆಗೆ ಕೋಣೆಯದು. ನವೆಂಬರ್ ಕೊನೆಗೆ ಒಂದು ದಿನ ಮೇಲೆ 11, ಕೆಳಗೆ 23. ನಿಯಮದ ಪ್ರಕಾರ ಅವತ್ತು ರಾತ್ರಿ ಹೀಟರ್ ಹಚ್ಚಿದೆವು, ಅವ್ವ ಕೌದಿ ಕಾಲಿನಿಂದ ಒದ್ದು ಮಲಗಿದಳು. ಡಿಸೆಂಬರ್ ಕೊನೆಯ ವಾರ ಮೂರು ದಿನ ಮೋಡ ಮುಸುಕಿತು. ಪೇಪರಿನಲ್ಲಿ 15. ಚಳಿ ಕಡಿಮೆಯಾಯಿತು ಅಂತ ಹೀಟರ್ ಹಚ್ಚಲಿಲ್ಲ. ಮೂರನೆಯ ಬೆಳಗ್ಗೆ ಕೆಳಗಿನ ಅಂಕಿ 18. ಅವ್ವ ಚಹಾದ ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದು ಕುಡಿಯದೆ ಸುಮ್ಮನೆ ಕೂತಿದ್ದಳು. ಫೆಬ್ರವರಿ ಮೊದಲ ವಾರ ಮೇಲೆ ಮತ್ತೆ 11, ಕೆಳಗೆ 22.

ಕ್ಯಾಲೆಂಡರಿನ ಹಾಳೆಗಳನ್ನು ನೆಲದ ಮೇಲೆ ಹರಡಿ ನೋಡಿದಾಗ ಹೊಳೆಯಿತು. ಪೇಪರಿನ ಅಂಕಿ ಬಯಲಿನ ಗಾಳಿಯದು, ಅದೂ ಸೂರ್ಯೋದಯದ ಹೊತ್ತಿನ ಒಂದು ಗಳಿಗೆಯದು. ಅವ್ವ ಇರುವುದು ಇಟ್ಟಿಗೆ, ಕಾಂಕ್ರೀಟಿನ ಒಳಗೆ. ಅದು ಹಗಲಿನ ಕಾವನ್ನು ಹೀರಿಕೊಂಡು ರಾತ್ರಿಯೆಲ್ಲ ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ. ನವೆಂಬರಿನಲ್ಲಿ, ಫೆಬ್ರವರಿಯಲ್ಲಿ ಮಧ್ಯಾಹ್ನ ಮೂವತ್ತು ದಾಟುವುದರಿಂದ ರಾತ್ರಿ ಎಷ್ಟೇ ಇಳಿದರೂ ಕೋಣೆಗೆ ತಟ್ಟುವುದಿಲ್ಲ. ಮೋಡದ ದಿನ ಹೊರಗಿನ ರಾತ್ರಿ ಬೆಚ್ಚಗೆ, ಆದರೆ ಮಾಳಿಗೆಗೂ ಗೋಡೆಗೂ ಬಿಸಿಲು ಸಿಕ್ಕಿರುವುದಿಲ್ಲ. ಅದಕ್ಕೇ ಕೋಣೆಯ ಥಂಡಿ ಮೂರು ನಾಲ್ಕು ದಿನ ತಡವಾಗಿ ಬರುತ್ತದೆ, ತಡವಾಗಿಯೇ ಬಿಡುತ್ತದೆ. ಹೊರಗಿನ ಕನಿಷ್ಠಕ್ಕಿಂತ ಹಗಲಿನ ಗರಿಷ್ಠವನ್ನು ನೋಡಿದ್ದರೂ ನಮಗೆ ಹೆಚ್ಚು ಉಪಯೋಗವಾಗುತ್ತಿತ್ತು.

ಕೇಳಿ ತಿಳಿದುಕೊಂಡರೆ ಸಾಲದೇ ಅನ್ನಬಹುದು. ನನಗೂ ಹಾಗೇ ಅನ್ನಿಸಿತ್ತು. ವಯಸ್ಸಾದವರಿಗೆ ಚಳಿಯ ಅರಿವೇ ಮಂದವಾಗುತ್ತದೆ, ಮೈ ತಣ್ಣಗಾಗಿದ್ದರೂ ತಿಳಿಯುವುದಿಲ್ಲ. ಜೊತೆಗೆ ಅವ್ವನ ಕಾಲದವರು ಕರೆಂಟ್ ಬಿಲ್ಲಿಗೆ ಅಂಜುತ್ತಾರೆ. "ಥಂಡಿ ಎಲ್ಲೈತಿ, ಸುಮ್ನ ಕರೆಂಟ್ ಸುಡಬ್ಯಾಡ" ಅನ್ನುವಾಗಲೇ ಪಾದ ಮುಟ್ಟಿದರೆ ಕಲ್ಲಿನಂತೆ ತಣ್ಣಗೆ. ಚಳಿಗೆ ರಕ್ತನಾಳ ಸಂಕುಚಿಸಿ ಬಿಪಿ ಏರುತ್ತದೆ, ಮಾತ್ರೆ ನುಂಗುವವರ ವಿಷಯದಲ್ಲಿ ಇದು ಸಣ್ಣ ಮಾತಲ್ಲ. ದಯವಿಟ್ಟು ಮನೆಯ ಹಿರಿಯರ ಬಾಯಿಮಾತನ್ನಷ್ಟೇ ನಂಬಬೇಡಿ, ಕೈಕಾಲು ಮುಟ್ಟಿ ನೋಡಿ.

ಮೂರನೆಯ ವರ್ಷ ನನ್ನ ನಿಯಮ. ಚಳಿಗಾಲದಲ್ಲಿ ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2018ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ, ವಯಸ್ಸಾದವರಿಗೆ ಇನ್ನೂ ಸ್ವಲ್ಪ ಹೆಚ್ಚು ಬೇಕಾಗಬಹುದು ಅನ್ನುತ್ತದೆ. ನಾನು 19 ಹಿಡಿದೆ. ರಾತ್ರಿ ಒಂಬತ್ತೂವರೆಗೆ ಕೋಣೆ 20ಕ್ಕಿಂತ ಕೆಳಗಿದ್ದರೆ ಬೆಳಗಿನ ಜಾವ ಅದು 19ರ ಕೆಳಗೆ ಬಂದೇ ಬರುತ್ತದೆ ಅನ್ನುವುದು ಹಿಂದಿನ ವರ್ಷ ಥರ್ಮಾಮೀಟರ್ ನೋಡಿ ನೋಡಿ ಗೊತ್ತಾಗಿತ್ತು. ಹಾಗಿದ್ದ ದಿನ ಅಲಾರಾಂ ಇಟ್ಟುಕೊಂಡು ನಾಲ್ಕೂವರೆಗೆ ಎದ್ದು ಹಚ್ಚುತ್ತೇನೆ. ಥರ್ಮಾಮೀಟರ್ ಇಡುವ ಜಾಗ ಮುಖ್ಯ. ಹೊರಗೋಡೆಗೆ ತಾಗಿಸಬಾರದು, ಹೀಟರಿನ ಎದುರೂ ಇಡಬಾರದು. ಮಲಗಿದವರ ಎತ್ತರಕ್ಕೆ, ಅವರ ಹತ್ತಿರ ಇರಬೇಕು.

ಮೊದಲ ವರ್ಷ ಎಂಬತ್ತು ರಾತ್ರಿ ಹತ್ತಿರ ಹಚ್ಚಿದ್ದ ಹೀಟರ್, ಈ ವರ್ಷ 26 ಬೆಳಗುಗಳಿಗೆ ಸಾಕಾಯಿತು. ಆ 26ರಲ್ಲಿ ಒಂದು ದಿನವೂ ಅವ್ವನ ಉಗುರು ನೀಲಿಯಾಗಲಿಲ್ಲ.

ಇದರಲ್ಲಿ ಅರ್ಧ ಪುಣ್ಯ ಕಿಟಕಿಗಳದು. ನಮ್ಮ ಕಡೆಯವರಿಗೆ ಸಂಜೆ ಕಿಟಕಿ ತೆರೆದಿಡುವ ರೂಢಿ. ಈಗ ಸಂಜೆ ಐದೂವರೆಗೇ, ಬಿಸಿಲಿನ ಕಾವು ಇರುವಾಗಲೇ ಸ್ಲೈಡಿಂಗ್ ಕಿಟಕಿ ಮುಚ್ಚುತ್ತೇವೆ. ಅಲ್ಯೂಮಿನಿಯಂ ಹಳಿಯ ಸಂದಿನಲ್ಲಿ ಗಾಳಿ ನುಗ್ಗುತ್ತದೆ, ಅಲ್ಲಿ ಹಳೇ ಟವೆಲ್ ಸುರುಳಿ ಸುತ್ತಿ ಒತ್ತುತ್ತೇನೆ. ಮಧ್ಯಾಹ್ನ ಹಾಲಿನ ಪರದೆ ಸರಿಸಿ, ಅವ್ವನ ಕೋಣೆಯ ಬಾಗಿಲು ತೆರೆದಿಟ್ಟು ಆ ಕಾವು ಒಳಗೆ ಹೋಗಲು ಬಿಡುತ್ತೇವೆ. ಇಷ್ಟರಿಂದಲೇ ಬೆಳಗಿನ ಅಂಕಿ ಒಂದು, ಒಂದೂವರೆ ಡಿಗ್ರಿ ಮೇಲೆ ನಿಲ್ಲುತ್ತದೆ. ಖರ್ಚು ಸೊನ್ನೆ.

ಇಡೀ ರಾತ್ರಿಯೋ, ಬೆಳಗಿನ ಜಾವವೋ ಅನ್ನುವುದರಲ್ಲಿ ನನಗೆ ಈಗ ಅನುಮಾನವೇ ಇಲ್ಲ. ಕೌದಿಯೊಳಗೆ ಮಲಗಿದವರಿಗೆ ಕೋಣೆ 18 ಇದ್ದರೂ ತೊಂದರೆಯಿಲ್ಲ. ತೊಂದರೆ ಇರುವುದು ಎದ್ದು ಕಾಲು ನೆಲಕ್ಕಿಟ್ಟಾಗ. ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಏಳು ದಾಟಿದ ಮೇಲೆ, ಅವ್ವ ಏಳುವುದು ಐದಕ್ಕೆ. ಆ ಎರಡು ತಾಸೇ ದಿನದ ಕಡು ಥಂಡಿಯ ಹೊತ್ತು. ಮೊದಲ ವರ್ಷ ರಾತ್ರಿಯಿಡೀ ಹಚ್ಚಿದಾಗ ಕೋಣೆಯ ಹವೆ ಒಣಗಿ ಅವ್ವನಿಗೆ ಗಂಟಲು ಕೆರೆದು ಒಣಕೆಮ್ಮು ಬಂದಿತ್ತು. ಮೀಟರ್ ನೋಡಿದರೆ ಒಂದು ರಾತ್ರಿಗೆ ಎಂಟು ಯೂನಿಟ್. ಬೆಳಗಿನ ಒಂದೂವರೆ ತಾಸಿಗೆ ಎರಡೂವರೆ ಯೂನಿಟ್. ಇಲ್ಲಿಯ ವಿದ್ಯುತ್ ಕಂಪನಿ ಮಹಾವಿತರಣದ ಬಿಲ್ಲಿನಲ್ಲಿ ತಿಂಗಳಿಗೆ 300 ಯೂನಿಟ್ ದಾಟಿದರೆ ಮೇಲಿನ ಯೂನಿಟ್‌ಗಳ ದರ ಹೆಚ್ಚು, ಆದ್ದರಿಂದ ಈ ಅಂತರ ಕಾಣುವುದಕ್ಕಿಂತ ದೊಡ್ಡದು.

ಯಾವ ಹೀಟರ್ ಅನ್ನುವವರಿಗೆ ಚುಟುಕಾಗಿ. ಬ್ಲೋವರ್ ಐದು ನಿಮಿಷದಲ್ಲಿ ಕಾಯಿಸುತ್ತದೆ, ಆರಿಸಿದ ಐದು ನಿಮಿಷಕ್ಕೆ ತಣ್ಣಗೆ, ಸದ್ದಿಗೆ ಅವ್ವನಿಗೆ ನಿದ್ದೆ ಬರಲಿಲ್ಲ. ಕೆಂಪಗೆ ಉರಿಯುವ ಹ್ಯಾಲೊಜನ್ ಎದುರು ಕೂತವರಿಗಷ್ಟೇ ಹಿತ, ಸೀರೆಯ ಸೆರಗು ಹತ್ತಿರ ಹೋದರೆ ಅಪಾಯ. ನಮ್ಮದು ಎಣ್ಣೆ ತುಂಬಿದ ರೇಡಿಯೇಟರ್, 2000 ವ್ಯಾಟ್, ಕಾವು ತಿಳಿಯಲು ಇಪ್ಪತ್ತೈದು ನಿಮಿಷ ಬೇಕು. ಅದಕ್ಕೇ ಐದಕ್ಕೆ ಏಳುವವರಿಗೆ ನಾಲ್ಕೂವರೆಗೆ ಹಚ್ಚುವುದು. ಒಂದು ಯೂನಿಟ್ ಕರೆಂಟಿಗೆ ಈ ಮೂರರಿಂದಲೂ ಸಿಗುವ ಒಟ್ಟು ಕಾವು ಒಂದೇ, 'ಕಡಿಮೆ ಕರೆಂಟು' ಅಂತ ಅಂಗಡಿಯವರು ಹೇಳಿದರೆ ನಂಬಬೇಡಿ. ಬಿಸಿಯೂ ಮಾಡುವ ಇನ್ವರ್ಟರ್ ಎಸಿ ಮಾತ್ರ ಹೊರಗಿನ ಗಾಳಿಯ ಕಾವನ್ನು ಒಳಗೆ ಸಾಗಿಸುವುದರಿಂದ ಅದೇ ಯೂನಿಟ್‌ಗೆ ಮೂರು ಪಟ್ಟು ಹತ್ತಿರ ಕೊಡುತ್ತದೆ. ಹೊಸ ಎಸಿ ಕೊಳ್ಳುವವರು ಅದನ್ನು ಕೇಳಿ ಕೊಳ್ಳಲಿ.

ನಾವು ಮಾಡಿದ ತಪ್ಪೊಂದನ್ನು ಹೇಳಲೇಬೇಕು. ಮೊದಲ ವಾರ ಹೀಟರನ್ನು ಎಕ್ಸ್‌ಟೆನ್ಶನ್ ಬೋರ್ಡಿಗೆ ಚುಚ್ಚಿ ಸಣ್ಣ ಸಾಕೆಟ್‌ನಿಂದ ಹಚ್ಚಿದ್ದೆವು. 2000 ವ್ಯಾಟ್ ಅಂದರೆ ಸುಮಾರು ಒಂಬತ್ತು ಆಂಪಿಯರ್, ಆ ಸಾಕೆಟ್ ಇರುವುದು ಆರಕ್ಕೆ. ನಾಲ್ಕನೆಯ ರಾತ್ರಿ ಪ್ಲಾಸ್ಟಿಕ್ ಸುಟ್ಟ ವಾಸನೆಗೆ ಎಚ್ಚರವಾಯಿತು. ಪಿನ್ನಿನ ಸುತ್ತ ಕಂದು ಬಣ್ಣ ತಿರುಗಿ ಪ್ಲಾಸ್ಟಿಕ್ ಗುಳ್ಳೆ ಎದ್ದಿತ್ತು. ಮರುದಿನ ಎಲೆಕ್ಟ್ರಿಷಿಯನ್ ಕರೆಸಿ 16 ಆಂಪಿಯರಿನ ಬೇರೆ ಪಾಯಿಂಟ್ ಹಾಕಿಸಿದೆವು. ಎಲ್ಲರೂ ಮಲಗಿರುವಾಗ ಟೈಮರಿನಿಂದ ತಾನಾಗಿ ಹತ್ತುವುದು ನನಗೆ ಬೇಡವೆನಿಸಿದ್ದೂ ಅಂದಿನಿಂದಲೇ.

ಇನ್ನೊಂದು, ಇದಕ್ಕಿಂತ ದೊಡ್ಡದು. ಕೆಳಗೆ ವಾಚ್‌ಮನ್ ಮೈ ಕಾಯಿಸಲು ಶೇಕೋಟಿ, ಅಂದರೆ ಕಟ್ಟಿಗೆಯ ಬೆಂಕಿ, ಹಾಕಿಕೊಂಡದ್ದು ನೋಡಿ ಅವ್ವ, ಕೋಣೆಯೊಳಗೆ ಶೇಗಡಿಯಲ್ಲಿ ಇದ್ದಲಿನ ಕೆಂಡ ಇಡೋಣ ಅಂದಿದ್ದಳು. ಹೆಂಚಿನ ಮನೆಯಲ್ಲಿ ಗಾಳಿಯಾಡುತ್ತಿತ್ತು. ಮುಚ್ಚಿದ ಫ್ಲ್ಯಾಟಿನಲ್ಲಿ ಅದು ಜೀವಕ್ಕೇ ಎರವು, ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಪುಣೆಯ ಎಷ್ಟೋ ಮನೆಗಳ ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದೆ, ಅದರ ಅಪಾಯವೂ ಇದೇ. ಚಳಿಗೆ ಕಿಟಕಿ ಸಂದು ಮುಚ್ಚುವ ಹುಮ್ಮಸ್ಸಿನಲ್ಲಿ ಬಚ್ಚಲಿನ ಗವಾಕ್ಷಿಯನ್ನು ಮಾತ್ರ ಎಂದೂ ಮುಚ್ಚಬೇಡಿ.

ಈ ವರ್ಷ ಕೊನೆಯ ಸಲ ಹಚ್ಚಿದ್ದು ಜನವರಿ 27ಕ್ಕೆ. ಆಮೇಲೆ ರಾತ್ರಿಯ ಅಂಕಿ 21ರ ಕೆಳಗೆ ಬರಲಿಲ್ಲ. ಹೀಟರ್ ಅಟ್ಟಕ್ಕೆ ಏರಿಸೋಣ ಅಂದರೆ ಅವ್ವ, "ಶಿವರಾತ್ರಿ ತನಕ ಇರ್ಲಿ ಬಿಡವ್ವಾ" ಅಂದಳು. ಹಳೇ ಇಳಕಲ್ ಸೀರೆ ಹೊದಿಸಿ ಮೂಲೆಯಲ್ಲಿ ನಿಲ್ಲಿಸಿದೆವು. ಹಬ್ಬದ ಮರುದಿನ ಅವಳೇ ಸೀರೆ ತೆಗೆದು ಮಡಿಸಿಟ್ಟಳು.