ಹೂನೀರಿಗೆ ಹೋಮ್ ಅಸಿಸ್ಟೆಂಟ್: ಮೋಟಾರ್ ಅದರ ಕೈಗೆ, ಮೊಗ್ಗು ಮೇಸ್ತ್ರಿಯ ಕಣ್ಣಿಗೆ

ಹೋಮ್ ಅಸಿಸ್ಟೆಂಟ್ ಹುಟ್ಟಿದ್ದು 2013ರಲ್ಲಿ, ಮನೆಯ ದೀಪ-ಫ್ಯಾನು ನೋಡಿಕೊಳ್ಳಲು. ಉಚಿತ, ಮುಕ್ತ ತಂತ್ರಾಂಶ. ರಾಸ್ಪ್‌ಬೆರಿ ಪೈ 4 ಎಂಬ ಅಂಗೈಯಗಲದ ಕಂಪ್ಯೂಟರ್ ಸಾಕು. ಇಂಟರ್ನೆಟ್ ಹೋದರೂ ಒಳಗಿನ ಕೆಲಸ ನಿಲ್ಲುವುದಿಲ್ಲ. ಮೂಡಿಗೆರೆ ಕಡೆಯ ರೋಬಸ್ಟಾ ಕಾಫಿ ತೋಟದಲ್ಲಿ ಹೂನೀರಿಗೆ, ಅಂದರೆ ಹೂ ಅರಳಿಸಲು ಹಾಯಿಸುವ ನೀರಿಗೆ, ಇದು ಒಗ್ಗುವುದು ಈ ಕೊನೆಯ ಗುಣದಿಂದಲೇ.

ಲೆಕ್ಕ ಹೀಗಿದೆ. ಹೂವಿಗೆ ಒಂದಿಂಚು ನೀರೆಂದರೆ 25 ಮಿ.ಮೀ., ಎಕರೆಗೆ ಸುಮಾರು ಒಂದು ಲಕ್ಷ ಲೀಟರ್. ಗಂಟೆಗೆ 25 ಸಾವಿರ ಲೀಟರ್ ಎತ್ತುವ ಪಂಪಿಗೆ ನಾಲ್ಕು ಗಂಟೆ. ‘ಆನ್ ಮಾಡು, ನಾಲ್ಕು ಗಂಟೆ ಕಾಯಿ, ಆಫ್ ಮಾಡು’ ಎಂದು ಆಟೊಮೇಷನ್ ಬರೆದವರು ಎಡವುವುದು ಇಲ್ಲೇ. ನಡುವೆ ಪೈ ರೀಸ್ಟಾರ್ಟ್ ಆದರೆ ಆ ಕಾಯುವಿಕೆ ಅದಕ್ಕೆ ನೆನಪಿರುವುದಿಲ್ಲ. ಮೋಟಾರ್ ಓಡುತ್ತಲೇ ಇರುತ್ತದೆ. ಬದಲಿಗೆ ಟೈಮರ್ ಹೆಲ್ಪರ್ ಬಳಸಿ, ಅದರ ರಿಸ್ಟೋರ್ ಆಯ್ಕೆ ಹಾಕಿ. ಇನ್ನೂ ಒಳ್ಳೆಯದು, ಗಂಟೆ ಬಿಟ್ಟು ಫ್ಲೋ ಮೀಟರಿನ ಲೀಟರ್ ಎಣಿಸುವುದು. ಕರೆಂಟ್ ಹೋದ ಹೊತ್ತು ಆಗ ತಾನಾಗಿ ಲೆಕ್ಕದಿಂದ ಬಿಟ್ಟುಹೋಗುತ್ತದೆ.

ಎಡವುವ ಎರಡನೆಯ ಜಾಗ ಎಂಕ್ಯೂಟಿಟಿಯ (ಸಾಧನಗಳು ಸಂದೇಶ ಕಳಿಸಿಕೊಳ್ಳುವ ವಿಧಾನ) ರಿಟೇನ್, ಅಂದರೆ ಕೊನೆಯ ಸಂದೇಶವನ್ನು ಉಳಿಸಿಡುವ ಆಯ್ಕೆ. ‘ಆನ್’ ಆಜ್ಞೆಯನ್ನು ರಿಟೇನ್ ಹಾಕಿ ಕಳಿಸಿದರೆ ಬ್ರೋಕರ್ (ಸಂದೇಶ ಹಂಚುವ ತಂತ್ರಾಂಶ) ಅದನ್ನು ಇಟ್ಟುಕೊಂಡು, ಮೋಟಾರ್ ಮನೆಯಲ್ಲಿ ಸ್ವಿಚ್ ನಡೆಸುವ ಚಿಕ್ಕ ಚಿಪ್ ಇಎಸ್‌ಪಿ32 ಮತ್ತೆ ಸೇರಿದಾಗಲೆಲ್ಲ ಕೊಡುತ್ತದೆ. ರಾತ್ರಿ ಎರಡಕ್ಕೆ ಕರೆಂಟ್ ಬಂದರೆ ಪಂಪು ಎದ್ದು ಕೂರುತ್ತದೆ, ಕೆಳಗೆ ಪೈಪ್ ಬದಲಿಸುವವರು ಇರಲಿ ಬಿಡಲಿ. ಸ್ಥಿತಿಗೆ ರಿಟೇನ್ ಇರಲಿ, ಆಜ್ಞೆಗೆ ಬೇಡ. ಸಿಂಗಲ್ ಫೇಸಿಂಗ್ (ಮೂರರಲ್ಲಿ ಒಂದು ಫೇಸ್ ಹೋಗುವುದು) ಮತ್ತು ಡ್ರೈ ರನ್ (ನೀರಿಲ್ಲದೆ ಪಂಪು ಓಡುವುದು) ತಡೆಯನ್ನಂತೂ ತಂತ್ರಾಂಶಕ್ಕೆ ಒಪ್ಪಿಸಲೇಬಾರದು; ಅದು ಸ್ಟಾರ್ಟರ್ ಪೆಟ್ಟಿಗೆಯಲ್ಲೇ ಇರಬೇಕು.

ಮಣ್ಣಿನ ಸೆನ್ಸರ್‌ಗಳಿಗೆ ಲೋರಾ (ಕಡಿಮೆ ವಿದ್ಯುತ್ತಿನಲ್ಲಿ ದೂರಕ್ಕೆ ಅಂಕಿ ಕಳಿಸುವ ರೇಡಿಯೊ) ಸರಿ. 433 ಮೆಗಾಹರ್ಟ್ಸ್ ಮಾಡ್ಯೂಲ್ ಅಗ್ಗವೆಂದು ತರಬೇಡಿ. ನಮ್ಮಲ್ಲಿ ಲೋರಾಗೆ ಲೈಸೆನ್ಸ್ ಇಲ್ಲದೆ ಬಳಸುವ ಪಟ್ಟಿ 865–868 ಮೆಗಾಹರ್ಟ್ಸ್. ಆಂಟೆನಾ ಸಿಕ್ಕಿಸದೆ ಪವರ್ ಕೊಟ್ಟರೆ ಚಿಪ್ ಸುಡಬಹುದು. ಮಣ್ಣಿನ ತೇವ ಅಳೆಯುವ ಕೆಪಾಸಿಟಿವ್ ಸೆನ್ಸರಿನ ಅಂಚಿನಿಂದ ನೀರು ಹೀರಿಕೊಂಡು ಅಂಕಿ ದಾರಿ ತಪ್ಪುತ್ತದೆ. ಅಂಚಿಗೆ ಎರಡು ಕೈ ನೈಲ್ ಪಾಲಿಶ್ ಹಚ್ಚಿದರೆ ಬಾಳಿಕೆ ಹೆಚ್ಚು. ಸೆನ್ಸರ್ ಸತ್ತರೂ ಹಳೆಯ ಅಂಕಿಯೇ ಪರದೆಯಲ್ಲಿ ನಿಂತಿರುತ್ತದೆ. ‘ಎಕ್ಸ್‌ಪೈರ್ ಆಫ್ಟರ್’ (ಇಷ್ಟು ಹೊತ್ತು ಸುದ್ದಿ ಬರದಿದ್ದರೆ ಅಂಕಿ ತೋರಿಸಬೇಡ ಎಂಬ ಆಯ್ಕೆ) ತುಂಬಿದರೆ ಮಾತ್ರ ಅದು ಸತ್ತದ್ದು ಗೊತ್ತಾಗುವುದು.

ಆದರೆ ಹೂನೀರಿನ ದಿನ ಗೊತ್ತುಮಾಡುವುದು ಮಣ್ಣಲ್ಲ, ಮೊಗ್ಗು. ಮೊಗ್ಗು ಬಲಿತಿದೆಯೇ ಎಂದು ಯಾವ ಸೆನ್ಸರೂ ಹೇಳದು. ಹಾಗಾಗಿ ಸಿಸ್ಟಂ ಸಲಹೆಯಷ್ಟೇ ಕೊಡಲಿ. ಟೆಲಿಗ್ರಾಂನಲ್ಲಿ ‘3ನೇ ಬ್ಲಾಕ್, ಮಳೆ 8 ಮಿ.ಮೀ., ಬಾಕಿ 17, ಹೊಡೆಯೋಣವೇ?’ ಎಂಬ ಪ್ರಶ್ನೆ, ಕೆಳಗೆ ಹೌದು–ಬೇಡ ಬಟನ್. ಮೇಸ್ತ್ರಿ ಮೊಗ್ಗು ನೋಡಿ ಹೇಳಿದ ಮೇಲೆ ರೈಟರ್ (ತೋಟದ ಲೆಕ್ಕ ನೋಡುವವರು) ‘ಹೌದು’ ಒತ್ತಿದರಷ್ಟೇ ವಾಲ್ವ್ ತೆರೆಯಬೇಕು. ಅರ್ಧ ಗಂಟೆ ಉತ್ತರ ಬರದಿದ್ದರೆ ‘ಬೇಡ’ ಎಂದೇ ಲೆಕ್ಕ.

ಐದಕ್ಕೆ ಮೂರೂವರೆ ಕೊಡಬಹುದು. ಅರ್ಧ ಅಂಕ ಹೋದದ್ದು ಎಸ್‌ಡಿ ಕಾರ್ಡಿಗೆ. ಡೇಟಾಬೇಸ್ ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಕಾರ್ಡ್ ಕೆಡುತ್ತದೆ, ಎಸ್‌ಎಸ್‌ಡಿ ಮತ್ತು ಚಿಕ್ಕ ಯುಪಿಎಸ್ ಸೇರಿಸಿಯೇ ಖರ್ಚು ಹಾಕಿ. ಉಳಿದ ಒಂದು, ಇಷ್ಟೆಲ್ಲ ಹೊಂದಿಸಲು ಬೇಕಾಗುವ ತಾಳ್ಮೆಗೆ. ಒಂದೇ ಪಂಪು, ಒಂದೇ ಲೈನ್ ಇರುವ ತೋಟಕ್ಕೆ ಸಿಮ್ ಹಾಕುವ ಮೊಬೈಲ್ ಸ್ಟಾರ್ಟರೇ ಸಾಕು.