ಆಲ್ಟ್ರೆನೋಜೆಸ್ಟ್: ನಮ್ಮ ಗೌರಿಗೆ ಮೂರು ವರ್ಷ ಕೊಟ್ಟ ಮೇಲೆ

ಕೆಂಟಕಿಯ ಲೆಕ್ಸಿಂಗ್ಟನ್ ಹತ್ತಿರ ಇದ್ದೇವೆ. ಲಾಯದಲ್ಲಿ ಒಂದೇ ಕುದುರೆ, ಕ್ವಾರ್ಟರ್ ಹಾರ್ಸ್ ತಳಿಯ ಗೌರಿ. ಅವಳ ಬೆದೆಯನ್ನು ಹದಕ್ಕೆ ತರಲು ಆಲ್ಟ್ರೆನೋಜೆಸ್ಟ್ ಎಂಬ, ಬಾಯಿಗೆ ಹಾಕುವ ಎಣ್ಣೆಯಂಥ ಹಾರ್ಮೋನ್ ಔಷಧಿಯನ್ನು 2022ರಿಂದ ಬಳಸುತ್ತಿದ್ದೇನೆ. ಕುದುರೆ ಸಾಕುವ ಕನ್ನಡದವರು ಇಲ್ಲಿ ನಾಲ್ಕಾರು ಜನ ಇದ್ದಾರೆ. ಅವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಮಂಡ್ಯದ ನಮ್ಮ ಮನೆಯ ಹಸುಗಳು ವರ್ಷವಿಡೀ ಬೆದೆಗೆ ಬರುತ್ತಿದ್ದವು. ಕುದುರೆ ಹಾಗಲ್ಲ. ಹಗಲು ಉದ್ದವಾದಾಗ ಮಾತ್ರ ಸುಮಾರು 21 ದಿನಕ್ಕೊಮ್ಮೆ ಬರುತ್ತದೆ, ಚಳಿಗಾಲದಲ್ಲಿ ಅಂಡಾಶಯ ಮಲಗಿಬಿಡುತ್ತದೆ. ಆದರೆ ಈ ತಳಿಯ ಮರಿ ಯಾವಾಗ ಹುಟ್ಟಿದರೂ ಲೆಕ್ಕದಲ್ಲಿ ಜನವರಿ 1ಕ್ಕೇ ಒಂದು ವಯಸ್ಸು ಏರುತ್ತದೆ. ತಡವಾಗಿ ಹುಟ್ಟಿದ್ದು ಅದೇ ವಯಸ್ಸಿನ ಲೆಕ್ಕದ ಬೇರೆ ಮರಿಗಳಿಗಿಂತ ಚಿಕ್ಕದಾಗಿ ಉಳಿಯುತ್ತದೆ, ಅದಕ್ಕೇ ಎಲ್ಲರಿಗೂ ವರ್ಷದ ಮೊದಲಲ್ಲೇ ಮರಿ ಬೇಕು.

ಮೊದಲ ವರ್ಷ ಫೆಬ್ರವರಿಯಲ್ಲಿ 15 ದಿನ ಕೊಟ್ಟೆ. 50 ಕಿಲೋ ತೂಕಕ್ಕೆ 1 ಮಿ.ಲೀ. ಲೆಕ್ಕ, ಗೌರಿಗೆ ದಿನಕ್ಕೆ 10 ಮಿ.ಲೀ. ನಿಲ್ಲಿಸಿದ ಮೇಲೆ ಕಾದೆ, ಕಾದೆ, ಏನೂ ಆಗಲಿಲ್ಲ. ದುಡ್ಡು ಹೋಯಿತು. ಸ್ಕ್ಯಾನ್ ಮಾಡದೆ ಶುರು ಮಾಡಿದ್ದೇ ತಪ್ಪು. ಫಾಲಿಕಲ್, ಅಂದರೆ ಅಂಡಾಶಯದಲ್ಲಿ ಅಂಡ ಬೆಳೆಯುವ ಗುಳ್ಳೆ, ಕನಿಷ್ಠ 20 ಮಿ.ಮೀ. ಆದರೂ ಆಗಿರಬೇಕಿತ್ತು. ನಿದ್ದೆಯಲ್ಲಿರುವ ಅಂಡಾಶಯವನ್ನು ಈ ಔಷಧಿ ಎಬ್ಬಿಸುವುದಿಲ್ಲ. ಎದ್ದು ತಡವರಿಸುತ್ತಿರುವುದನ್ನು ಸರಿದಾರಿಗೆ ತರುತ್ತದೆ, ಅಷ್ಟೇ.

ಮರುವರ್ಷಕ್ಕೆಂದು 2022ರ ಡಿಸೆಂಬರ್ 1ರಿಂದಲೇ ಲಾಯದಲ್ಲಿ ದೀಪ ಹಾಕಿ ದಿನಕ್ಕೆ 16 ಗಂಟೆ ಬೆಳಕು ಕೊಟ್ಟೆವು. ಫೆಬ್ರವರಿ ಕೊನೆಗೆ ಸ್ಕ್ಯಾನ್ ಮಾಡಿಸಿ, ಆಮೇಲೆ ಔಷಧಿ. ನಿಲ್ಲಿಸಿದ ಐದನೇ ದಿನ ಗೌರಿ ಬಾಲ ಎತ್ತಿ ಪಕ್ಕದ ತೋಟದ ಗಂಡುಕುದುರೆಯ ಕಡೆ ಮುಖ ಮಾಡಿ ನಿಂತಳು. ಫಾಲಿಕಲ್ 35 ಮಿ.ಮೀ. ದಾಟಿದಾಗ ವೈದ್ಯೆ ಅಂಡ ಬಿಡುಗಡೆ ಮಾಡಿಸುವ ಎಚ್‌ಸಿಜಿ ಎಂಬ ಹಾರ್ಮೋನ್ ಚುಚ್ಚಿದರು, ಎರಡು ದಿನದೊಳಗೆ ಅಂಡ ಬಿಡುಗಡೆಯಾಯಿತು. ಕೃತಕ ಗರ್ಭಧಾರಣೆ ಆದ ಮೇಲೆ, 15ನೇ ದಿನದ ಸ್ಕ್ಯಾನ್‌ನಲ್ಲಿ ಕಪ್ಪಗೆ, ದುಂಡಗೆ ಒಂದು ಚುಕ್ಕೆ. ಅದನ್ನು ನೋಡಿ ಅತ್ತೇಬಿಟ್ಟೆ. 2024ರ ಫೆಬ್ರವರಿಯಲ್ಲಿ ಹೆಣ್ಣುಮರಿ ಹುಟ್ಟಿತು.

ಈಗ ಹೆಂಗಸರಿಗೆ ಒಂದು ಮಾತು, ಇದನ್ನು ಮಾತ್ರ ತಪ್ಪದೆ ಓದಿ. ಈ ಔಷಧಿ ಚರ್ಮದ ಮೂಲಕ ಮೈಗೆ ಇಳಿಯುತ್ತದೆ. ಮೊದಲ ವರ್ಷ ಗೌರಿ ತಲೆ ಕೊಡವಿದಾಗ ಸಿರಿಂಜಿನಲ್ಲಿದ್ದದ್ದು ನನ್ನ ಮಣಿಕಟ್ಟಿಗೆ ಚೆಲ್ಲಿತು. ಬಟ್ಟೆಯಲ್ಲಿ ಒರೆಸಿಕೊಂಡು ಕೆಲಸಕ್ಕೆ ಹೋದೆ. ಹೀಗೆ ಮೂರು ನಾಲ್ಕು ಸಲ ಆಯಿತು. ಆ ತಿಂಗಳು ನನ್ನ ಮುಟ್ಟು ಎರಡು ವಾರ ತಡವಾಯಿತು. ಡಾಕ್ಟರ್ ಕೇಳುವವರೆಗೂ ನನಗೆ ಇದರ ನೆನಪೇ ಬಂದಿರಲಿಲ್ಲ. ಬಸುರಿಯರು ಬಾಟಲಿಯನ್ನು ಮುಟ್ಟಲೇಬಾರದು. ಲ್ಯಾಟೆಕ್ಸ್ ಗ್ಲೌಸ್ ಸಾಲದು, ನೈಟ್ರೈಲ್ ಬೇಕು. ಚೆಲ್ಲಿದರೆ ಆಗಲೇ ಸೋಪು ಹಾಕಿ ತೊಳೆಯಿರಿ.

ಗರ್ಭಕೋಶದ ಸೋಂಕು ಇರುವ, ಹಿಂದೆ ಆಗಿದ್ದ ಕುದುರೆಗೂ ಇದು ಬೇಡ. ಸೋಂಕನ್ನು ಎದುರಿಸುವ ಶಕ್ತಿ ಅಲ್ಲಿ ಕುಗ್ಗುತ್ತದೆ.

ಮೂರನೇ ವರ್ಷ ಮರಿಗಾಗಿ ಕೊಡಲಿಲ್ಲ. ಬೆದೆಯಲ್ಲಿ ಗೌರಿ ಜೀನು ಬಿಗಿಯಲೂ ಬಿಡದೆ ಕಿರುಚಿ ಒದೆಯುತ್ತಿದ್ದಳು. ಸವಾರಿಯ ತಿಂಗಳುಗಳಲ್ಲಿ ದಿನಾ ಕೊಟ್ಟೆ, ಮೂರನೇ ದಿನಕ್ಕೇ ತಣ್ಣಗಾದಳು. ಅಗ್ಗವಲ್ಲ, ಆದರೂ ಮತ್ತೆ ಕೊಳ್ಳುತ್ತೇನೆ. ಈಗ ಔಷಧಿ ಬೀಗ ಹಾಕಿದ ಕಪಾಟಿನಲ್ಲಿದೆ, ಗ್ಲೌಸ್ ಡಬ್ಬಿ ಅದರ ಮೇಲೆಯೇ.