ಮೊಲ ತಾನಾಗಿಯೇ ಗೂಡು ಸೇರಬೇಕಾ? ನಾನು ಮಾಡಿ ನೋಡಿದ ನಾಲ್ಕು ದಾರಿ

ಮೊಲವನ್ನು ಗೂಡಿನಿಂದ ಬಿಡೋಕೆ ಒಂದು ನಿಮಿಷ ಸಾಕು. ವಾಪಸ್ ಸೇರಿಸೋದೇ ಕಷ್ಟ. ಮೊಲ ಚುರುಕಾಗೋದು ಬೆಳಗಿನ ಜಾವ ಮತ್ತು ಮುಸ್ಸಂಜೆ ಹೊತ್ತಿನಲ್ಲಿ, ಹಾಗಾಗಿ ನಾವು ಕೆಲಸ ಮುಗಿಸಿ ಮನೆಗೆ ಬಂದು ಉಸ್ಸಪ್ಪಾ ಅಂತ ಕೂರುವಾಗ ಅದಕ್ಕೆ ಆಟ ಶುರುವಾಗಿರುತ್ತದೆ. ನಮ್ಮ ಮನೆಯ ಪುಟ್ಟಿ ಸುಮಾರು ಎರಡು ಕಿಲೋ ತೂಗುವ ಹೆಣ್ಣು ಮೊಲ. ಇವಳ ಮೇಲೆ ನಾಲ್ಕು ದಾರಿ ಪ್ರಯೋಗ ಮಾಡಿ ನೋಡಿದ್ದೇನೆ.

ಮೊದಲನೆಯದು ಎಲ್ಲರಿಗೂ ಹೊಳೆಯುವುದೇ, ಹಿಡಿದು ಎತ್ತಿ ಒಳಗೆ ಬಿಡುವುದು. "ಅಷ್ಟು ಸಣ್ಣ ಪ್ರಾಣಿ, ಹಿಡಿದು ಹಾಕೋಕೆ ಆಗಲ್ವೇನೋ?" ಅಂತ ಅಮ್ಮ ಕೇಳುತ್ತಲೇ ಇದ್ದರು. ಹಿಡಿಯೋಕೆ ಆಗುತ್ತೆ, ಆದರೆ ಮೊಲ ಬೇರೆ ಪ್ರಾಣಿಗಳಿಗೆ ಆಹಾರವಾಗುವ ಜೀವಿ, ಮೇಲಿನಿಂದ ಕೈ ಬಂತು ಅಂದರೆ ಅದಕ್ಕೆ ಹದ್ದು ಬಂದ ಹಾಗೆಯೇ. ಗಾಬರಿಯಲ್ಲಿ ಹಿಂಗಾಲು ಝಾಡಿಸಿ ಒದೆಯುತ್ತದೆ. ಆ ಒದೆತದ ಜೋರಿಗೆ ಅದರದ್ದೇ ಬೆನ್ನುಮೂಳೆ ಮುರಿಯಬಹುದು. ಡಾಕ್ಟರ ಹತ್ತಿರ ಒಯ್ಯಬೇಕಾದಾಗ ಒಂದು ಕೈ ಎದೆ ಕೆಳಗೆ, ಇನ್ನೊಂದು ಕೈ ಹಿಂಭಾಗಕ್ಕೆ ಆಸರೆ ಕೊಟ್ಟು ಎತ್ತಿ, ಮೈಗೆ ಒತ್ತಿ ಹಿಡಿದುಕೊಳ್ಳಬೇಕು. ಕಿವಿ ಹಿಡಿದಂತೂ ಎತ್ತಲೇಬಾರದು. ದಿನಾ ಹೀಗೆ ಎತ್ತಿ ಹಾಕಿದರೆ ಗೂಡಿನ ಮೇಲಷ್ಟೇ ಅಲ್ಲ, ನಮ್ಮ ಮೇಲೂ ನಂಬಿಕೆ ಹೋಗುತ್ತದೆ. ಪುಟ್ಟಿ ನನ್ನನ್ನು ಕಂಡರೆ ಹಿಂಗಾಲು ನೆಲಕ್ಕೆ ಧಪ್ ಅಂತ ಬಡಿಯೋಕೆ ಶುರು ಮಾಡಿದ್ದೇ ಆಗ.

ಎರಡನೆಯದು ರಟ್ಟು. ಟಿವಿ ಬಂದಿದ್ದ ದೊಡ್ಡ ರಟ್ಟಿನ ಡಬ್ಬ ಬಿಚ್ಚಿ ಎರಡು ಹಲಗೆ ಮಾಡಿಕೊಂಡೆವು. ಎರಡೂ ಕಡೆ ಅಡ್ಡ ಹಿಡಿದು ಓಣಿ ಥರ ಮಾಡಿ, ನಿಧಾನಕ್ಕೆ ಹಿಂದಿನಿಂದ ನಡೆದು ಬರುವುದು. ಮೈ ಮುಟ್ಟುವ ಹಾಗಿಲ್ಲ, ಒದೆತವೂ ಇಲ್ಲ, ಎತ್ತಿ ಹಾಕುವುದಕ್ಕಿಂತ ಎಷ್ಟೋ ಮೇಲು. ಆದರೆ ಇದಕ್ಕೆ ಇಬ್ಬರು ಬೇಕು. ನಮ್ಮದು ಟೈಲ್ಸ್ ನೆಲ ಬೇರೆ, ಸ್ವಲ್ಪ ಅವಸರ ಮಾಡಿದರೂ ಕಾಲು ಜಾರಿ ಗಾಬರಿಯಾಗಿ ಸೀದಾ ದಿವಾನ್ ಕೆಳಗೆ ನುಗ್ಗುತ್ತಿದ್ದಳು, ಅಲ್ಲಿಗೆ ಮುಗೀತು ಕಥೆ. ನೆಂಟರು ಬಂದಾಗ, ಬಾಗಿಲು ತೆಗೆಯಲೇಬೇಕಾದಾಗ ಇದು ಕೈ ಹಿಡಿಯುತ್ತದೆ. ದಿನಾ ಮಾಡುವ ಕೆಲಸ ಅಲ್ಲ.

ಮೂರನೆಯದು ತಿಂಡಿ ಆಸೆ. ಬಾಳೆಹಣ್ಣಿನ ಸಣ್ಣ ಚೂರು ಗೂಡಿನೊಳಗೆ ಇಟ್ಟರೆ ಸಾಕು, ಓಡಿ ಬರುತ್ತಾಳೆ. ನಾಲ್ಕರಲ್ಲಿ ಎಲ್ಲಕ್ಕಿಂತ ಬೇಗ ಫಲ ಕೊಟ್ಟಿದ್ದು ಇದೇ, ಎಲ್ಲಕ್ಕಿಂತ ಬೇಗ ಕೆಟ್ಟಿದ್ದೂ ಇದೇ. ಒಳಗೆ ಬಂದ ಕೂಡಲೇ ಬಾಗಿಲು ಹಾಕಿದರೆ ಬಾಳೆಹಣ್ಣು ಅಂದರೆ ಬಂಧನ ಅಂತ ಅವಳ ತಲೆಗೆ ಹೋಗಿಬಿಡುತ್ತದೆ. ಆಮೇಲೆ ಪುಟ್ಟಿ ಕಂಡುಕೊಂಡ ಉಪಾಯ ನೋಡಬೇಕು: ಹಿಂಗಾಲು ಎರಡೂ ಹೊರಗೇ ಇಟ್ಟು, ಮೈಯನ್ನು ರಬ್ಬರಿನಂತೆ ಎಳೆದು, ಚೂರು ಕಚ್ಚಿಕೊಂಡು ಓಡುವುದು. ಇದಕ್ಕೆ ಮದ್ದು ಒಂದೇ, ಆಟದ ನಡುವೆಯೂ ಆಗಾಗ ಗೂಡಿಗೆ ಕರೆದು ತಿಂಡಿ ಕೊಟ್ಟು, ಬಾಗಿಲು ಹಾಕದೆ ಮತ್ತೆ ಹೊರಗೆ ಹೋಗಲು ಬಿಡಬೇಕು. ಅನುಮಾನ ಕರಗುತ್ತದೆ. ಆದರೆ ಹೀಗೆ ಮಾಡುತ್ತಾ ಹೋದರೆ ಬಾಳೆಹಣ್ಣು, ಕ್ಯಾರೆಟ್ ಜಾಸ್ತಿ ಆಗುತ್ತದೆ. ಎರಡರಲ್ಲೂ ಸಕ್ಕರೆ ಇದೆ, ಮೊಲದ ಹೊಟ್ಟೆಗೆ ಅಷ್ಟು ಒಳ್ಳೆಯದಲ್ಲ. ನಾವು ಕೊತ್ತಂಬರಿ, ಪುದೀನ ಎಸಳಿಗೆ ಇಳಿದೆವು. ಕೊತ್ತಂಬರಿಗೆ ಬಂದಳು, ಪುದೀನವನ್ನು ಮೂಸಿ ಬಿಟ್ಟಳು.

ನಾಲ್ಕನೆಯದು ಡಬ್ಬದ ಸದ್ದು, ಈಗ ನಮ್ಮಲ್ಲಿ ನಡೆಯುತ್ತಿರುವುದು ಇದೇ. ಪೆಲ್ಲೆಟ್ (ಮೊಲಕ್ಕೆಂದೇ ಸಿಗುವ ಗುಳಿಗೆಯಂಥ ಒಣ ಆಹಾರ) ಹಾಕಿದ ಸ್ಟೀಲ್ ಡಬ್ಬವನ್ನು ಗಲಗಲ ಅಂತ ಅಲ್ಲಾಡಿಸಿ ಗೂಡಿನೊಳಗೆ ಬಟ್ಟಲಿಗೆ ಸುರಿಯುವುದು. ಪೆಲ್ಲೆಟ್ ಸಿಗುವುದು ಗೂಡಿನಲ್ಲಿ ಮಾತ್ರ, ಅದೂ ಓಡಾಟ ಮುಗಿಯುವ ಹೊತ್ತಿಗೆ ಮಾತ್ರ. ಹೇಗಿದ್ದರೂ ಅದನ್ನು ಅಳತೆಯಲ್ಲೇ ಕೊಡಬೇಕು, ಪೂರ್ತಿ ಬೆಳೆದ ಮೊಲಕ್ಕೆ ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 25 ಗ್ರಾಂ ಸಾಕು, ಹಾಗಾಗಿ ಬೇರೆ ತಿಂಡಿಯ ಲೆಕ್ಕವೇ ಬೇಡ. ಬೆಳಿಗ್ಗೆಯೇ ಬಟ್ಟಲು ತುಂಬಿಸಿಟ್ಟರೆ ಸಂಜೆ ಡಬ್ಬ ಬಡಿದರೂ ತಿರುಗಿ ನೋಡುವುದಿಲ್ಲ. ಹಾಗಂತ ಹಸಿದು ಬರಲಿ ಅಂತ ಹುಲ್ಲು ಮುಚ್ಚಿಡಬೇಡಿ. ಒಣಹುಲ್ಲು ಇಡೀ ದಿನ ಮುಂದಿರಲೇಬೇಕು, ಮೊಲ ತಿನ್ನುವುದು ನಿಲ್ಲಿಸಿದರೆ ಕರುಳಿನ ಚಲನೆಯೇ ನಿಂತು ಜೀವಕ್ಕೆ ಅಪಾಯ. ಉಗುರು ಕತ್ತರಿಸಬೇಕು ಅಂತ ಡಬ್ಬ ಅಲ್ಲಾಡಿಸಿ ಕರೆಯುವುದೂ ಬೇಡ, ಆ ಸದ್ದಿನ ಮರ್ಯಾದೆ ಹೋಗುತ್ತದೆ.

ಡಬ್ಬ ರೂಢಿಯಾಗಲು ಬಾಳೆಹಣ್ಣಿಗಿಂತ ಹೆಚ್ಚು ಸಮಯ ಬೇಕಾಯಿತು. ಆದರೆ ಯಾರು ಅಲ್ಲಾಡಿಸಿದರೂ ಬರುತ್ತಾಳೆ, ಇದೇ ನನಗೆ ದೊಡ್ಡ ವಿಷಯ. ನಾನು ಊರಲ್ಲಿ ಇಲ್ಲದಿದ್ದರೂ ಅಮ್ಮ ಒಬ್ಬರೇ, ಬಗ್ಗದೆ, ಓಡದೆ ಅವಳನ್ನು ಗೂಡು ಸೇರಿಸಬಹುದು.

ಇನ್ನೊಂದು ಮಾತು. ಗೂಡೇ ಚೆನ್ನಾಗಿಲ್ಲದಿದ್ದರೆ ಯಾವ ದಾರಿಯೂ ಹೆಚ್ಚು ದಿನ ಬಾಳುವುದಿಲ್ಲ. ನಮ್ಮ ಹೊಲಗಳಲ್ಲಿ ಕಾಣುವ ಕಾಡುಮೊಲ ಬಿಲ ತೋಡುವುದಿಲ್ಲ, ಆದರೆ ಮನೆಯಲ್ಲಿ ಸಾಕುವ ಮೊಲದ ಮೂಲ ಯುರೋಪಿನ ಬಿಲ ತೋಡುವ ಜಾತಿ, ಕತ್ತಲೆ ಮೂಲೆ ಅಂದರೆ ಅದಕ್ಕೆ ನೆಮ್ಮದಿ. ಅಂಗಡಿಯಿಂದ ತಂದ ಗೂಡು ನಾಲ್ಕೂ ಕಡೆ ಬಟಾಬಯಲು, ಕೆಳಗೂ ತಂತಿ, ಪಾದಕ್ಕೆ ಹುಣ್ಣಾಗುವ ಥರದ್ದು. ತಂತಿ ಮೇಲೆ ದಪ್ಪ ಚಾಪೆ ಹಾಸಿ, ಒಂದು ಮೂಲೆಗೆ ಹಳೆಯ ಬೆಡ್‌ಶೀಟ್ ಹೊದಿಸಿ, ಬಾಗಿಲವರೆಗೂ ಕಾಲೊರೆಸು ಹಾಕಿದ ಮೇಲೆ ಕರೆಯದೆಯೂ ಒಳಗೆ ಹೋಗಿ ಮಲಗತೊಡಗಿದಳು. ಏಪ್ರಿಲ್, ಮೇ ಬಂದರೆ ಆ ಬೆಡ್‌ಶೀಟ್ ಅರ್ಧ ತೆಗೆಯುತ್ತೇವೆ, 30 ಡಿಗ್ರಿ ಹತ್ತಿರ ಬಂದರೆ ಮೊಲಕ್ಕೆ ಸೆಕೆ ತಡೆಯೋಕಾಗಲ್ಲ, ಗಾಳಿ ಆಡಬೇಕು. ಗೂಡು ತೊಳೆಯುವುದು ಅವಳು ಹೊರಗಿದ್ದಾಗ ಮಾತ್ರ. ಹೆಣ್ಣು ಮೊಲ ತನ್ನ ಜಾಗಕ್ಕೆ ಕೈ ಹಾಕಿದರೆ ಗುರ್ ಅಂತ ಮೇಲೆ ಬೀಳುವುದು ಸಾಮಾನ್ಯ, ಪುಟ್ಟಿ ನನ್ನ ಬೆರಳಿಗೇ ಬಾಯಿ ಹಾಕಿದ್ದಾಳೆ.

ಹೊಸದಾಗಿ ಮೊಲ ತಂದವರು ಇಡೀ ಮನೆ ಬಿಡಬೇಡಿ. ಒಂದು ಸಣ್ಣ ರೂಮು, ಮಂಚದ ಕೆಳಗೆ ರಟ್ಟು ಅಡ್ಡ, ವೈರುಗಳೆಲ್ಲ ಮೇಲೆ, ಗೂಡಿನ ಬಾಗಿಲು ತೆರೆದೇ ಇರಲಿ. ಡಬ್ಬದ ಸದ್ದನ್ನು ಮೊದಲ ದಿನದಿಂದಲೇ ಕಿವಿಗೆ ಹಾಕುತ್ತಾ ಬನ್ನಿ.